ಟಾನಿಕ್ಕಿಗೆ ಮೊದಲಿನ ಎರಡು ದಿನ

2009ರ ಮಾರ್ಚ್ 12, ಗುರುವಾರ, ಬೆಳಿಗ್ಗೆ 10.20. ಕುಷ್ಟಗಿ ಠಾಣೆಗೆ ಬಂದ ಶಾಂತಕ್ಕ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮಪ್ಪ ರಕ್ತ ಕಾರಿ ಸತ್ತಾನ್ರಿ. ಸೊಸಿ ವಿಷ ಹಾಕ್ಯಾಳ. ಆಕೀನ ಜೈಲಿಗೆ ಹಾಕ್ರಿ."

ಸತ್ತವನು ಎಪ್ಪತ್ತೆರಡರ ವಿರುಪಣ್ಣ. ಮಗ ತೀರಿದ ಮೇಲೆ ಸೊಸೆ ವಿಜಯಲಕ್ಷ್ಮಿಯೇ ನೋಡಿಕೊಳ್ಳುತ್ತಿದ್ದಳು. ಇನ್‌ಸ್ಪೆಕ್ಟರ್ ಗವಿಸಿದ್ದೇಶ ಎಫ್‌ಐಆರ್ ಬರೆಸಿ, ಹೆಡ್ ಕಾನ್‌ಸ್ಟೆಬಲ್ ಫಕ್ರುದ್ದೀನನ ಜೊತೆ ಅವರ ಹಳ್ಳಿಗೆ ಹೊರಟ. ಪಂಚನಾಮೆಯಲ್ಲಿ ಸೇರಿದ್ದು ಅಂಬಲಿಯ ಗಡಿಗೆ, ರಕ್ತ ಮೆತ್ತಿದ ಚಾದರ, ಅರ್ಧ ಖಾಲಿಯಾದ ಟಾನಿಕ್ ಬಾಟಲಿ. ಸೊಸೆ ಅಂಗಳವನ್ನು ಆಗಲೇ ತೊಳೆದುಬಿಟ್ಟಿದ್ದಳು. ಅದು ಗವಿಸಿದ್ದೇಶನಿಗೆ ಸರಿ ಕಾಣಲಿಲ್ಲ.

"ಯಾಕ ತೊಳದಿ?"

"ಮಾವನ ರಕ್ತ ಮಂದಿ ತುಳೀಬೇಕಿತ್ತೇನ್ರಿ?"

"ಬಾಯಿ ಭಾಳ ಜೋರೈತಿ," ಎಂದ ಫಕ್ರುದ್ದೀನ.

ಕೊಪ್ಪಳದಲ್ಲಿ ಶವಪರೀಕ್ಷೆ ಮಾಡಿದ ಡಾಕ್ಟರ್ ಅಮೃತಾ ಮರುದಿನ ಅವನನ್ನು ಕರೆಸಿದರು. ವಿರುಪಣ್ಣನ ಹೊಟ್ಟೆಯ ದೊಡ್ಡ ರಕ್ತನಾಳಕ್ಕೆ ಹಿಂದೊಮ್ಮೆ ಆಪರೇಷನ್ ಮಾಡಿ ಬಟ್ಟೆಯ ಕೊಳವೆ ಹೊಲಿದಿದ್ದರು. ಅದು ಕರುಳಿಗೆ ಅಂಟಿ, ಕರುಳು ಸವೆದು, ರಕ್ತನಾಳ ಅದರೊಳಗೇ ಬಾಯಿ ತೆರೆದಿತ್ತು.

"ಭಾಳ ಅಪರೂಪ. ಮದಲ ಸ್ವಲ್ಪ ರಕ್ತ ಹೋಗಿ ನಿಂತಿರ್ತೈತಿ, ಮಲ ಡಾಂಬರಿನಂಗ ಕಪ್ಪಗಾಗ್ತೈತಿ. ಆವಾಗ ದೊಡ್ಡ ದವಾಖಾನಿ ಮುಟ್ಟಿದ್ರ ಉಳಿಯೋ ಆಸೆ ಇತ್ತು. ವಿಷದ ಗುರುತು ನನಗ ಕಾಣಲಿಲ್ಲ. ಲ್ಯಾಬಿನ ವರದಿ ಬರ್ಲಿ."

ಸಂಜೆ 4ಕ್ಕೆ ಠಾಣೆಯಲ್ಲಿ ಸೊಸೆಯ ವಿಚಾರಣೆ.

"ಕಪ್ಪಗ ಹೋಗ್ತಿದ್ದದ್ದು ಗೊತ್ತಿತ್ತಿಲ್ಲೋ?"

"ನಮ್ಮೂರ ಓಬಳೆಪ್ಪ ಡಾಕ್ಟ್ರಿಗೆ ಹೇಳಿದ್ದೆ. ರಕ್ತದ ಟಾನಿಕ್ ಕುಡಿದ್ರ ಹಂಗ ಆಗ್ತೈತಿ ಅಂದ್ರು."

"ಟಾನಿಕ್ ಕೊಟ್ಟಿದ್ದು ಯಾವತ್ತು?"

"ಶನಿವಾರ."

"ಕಪ್ಪಗಾಗಿದ್ದು?"

ಅವಳು ಬೆರಳು ಮಡಚಿದಳು. "ಅದಕ್ಕೂ ಎರಡು ದಿನ ಮದಲ, ಗುರುವಾರ."

"ಆಪರೇಷನ್ ಫೈಲು ಎಲ್ಲೈತಿ?"

"ಅವರ ಒಯ್ದಾರ. ಹಾಳಿ ಹಾಳಿ ತಿರುವಿ ನೋಡಿ, ಮೂಲವ್ಯಾಧಿ ಅಂದು ಟಾನಿಕ್ ಕೊಟ್ರು."

ಓಬಳೆಪ್ಪ ಡಾಕ್ಟರನೇ ಅಲ್ಲ. ಗಂಗಾವತಿಯ ದವಾಖಾನೆಯೊಂದರಲ್ಲಿ ಗಾಯ ಕಟ್ಟುತ್ತಿದ್ದವನು. ಪೊಲೀಸರು ಹಳ್ಳಿಯ ಅವನ ದವಾಖಾನೆಗೆ ಹೋದಾಗ ಫೈಲು ಕಂಡೇ ಇಲ್ಲ ಎಂದ. ಫಕ್ರುದ್ದೀನ ಅದನ್ನು ಔಷಧಿಯ ರಟ್ಟಿನ ಡಬ್ಬಿಗಳ ಅಡಿಯಿಂದ ಎಳೆದ. ಕೊನೆಯ ಪುಟದಲ್ಲಿ ಇಂಗ್ಲಿಷಿನಲ್ಲಿತ್ತು: ಮಲ ಕಪ್ಪಾದರೆ ತಕ್ಷಣ ಕರೆತನ್ನಿ.

"ಓದು," ಎಂದ ಗವಿಸಿದ್ದೇಶ.

ಓಬಳೆಪ್ಪ ಹಾಳೆಯನ್ನು ಮರಳಿ ಅವನ ಕೈಗಿಟ್ಟ.

"ಆರನೇತ್ತಕ್ಕ ಸಾಲಿ ಬಿಟ್ಟೀನ್ರಿ."

"ತಿಳಿಯೂದಿಲ್ಲ ಅಂತ ಆ ಹೆಣ್ಣಮಗಳಿಗೆ ಹೇಳಿದ್ರ ಆಗ್ತಿತ್ತು."

"ಹದಿನೆಂಟು ವರ್ಷದಿಂದ ಊರ ಮಂದಿ ಡಾಕ್ಟ್ರ ಅಂತಾರ್ರಿ. ಹೆಂಗ ಹೇಳಲಿ?"

ಸಂಜೆ 6.50ಕ್ಕೆ ಬಂಧನ: ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ಮುಚ್ಚಿಟ್ಟದ್ದು. ಠಾಣೆಯಲ್ಲಿ ಕೂತಿದ್ದ ವಿಜಯಲಕ್ಷ್ಮಿಯನ್ನು ಮನೆಗೆ ಕಳಿಸಲು ಗವಿಸಿದ್ದೇಶ ಫೋನಿನಲ್ಲಿ ಹೇಳಿದ.

ಜೀಪಿನ ಹತ್ತಿರ ಕಳಕಮ್ಮ ಎಂಬ ಮುದುಕಿ ಮೊಣಕಾಲು ಹಿಡಿದು ನಿಂತಿದ್ದಳು.

"ಡಾಕ್ಟ್ರ, ನನ್ನ ಸೂಜಿ?"

ಪೊಲೀಸರ ನಡುವಿನಿಂದಲೇ ಓಬಳೆಪ್ಪ, "ನಾಳಿ ಬಾರವ್ವ," ಎಂದ.