ಮೂರನೆಯ ಕೂಗು

ಭಾನುವಾರ ಬೆಳಿಗ್ಗೆ ಹತ್ತೂವರೆ. ಸಿರುಗುಪ್ಪ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಉಮಾಪತಿ ರಜೆಯ ದಿನವೂ ಕುರ್ಚಿ ಬಿಟ್ಟಿರಲಿಲ್ಲ. ಕ್ವಾರ್ಟರ್ಸಿನಲ್ಲಿ ಅವರಿಗಾಗಿ ಕಾಯುವವರು ಯಾರೂ ಇರಲಿಲ್ಲ. ಠಾಣೆಯಲ್ಲಾದರೆ ಬಯ್ಯುವುದಕ್ಕಾದರೂ ಜನ ಸಿಗುತ್ತಾರೆ ಎಂಬುದು ಅವರ ಸಮಾಧಾನ. ಅಷ್ಟರಲ್ಲಿ ಬೀಜ, ಗೊಬ್ಬರದ ಅಂಗಡಿಯ ಗವಿಸಿದ್ದೇಶ್ ದಡಬಡ ಒಳಗೆ ಬಂದ.

“ಸಾರ್, ನನ್ ಮಗಳನ್ನ ಕರ್ಕೊಂಡು ಹೋಗ್ಯಾರ್ರಿ.”

“ಯಾರು?”

“ನಮ್ಮತ್ತಿ ಯಂಕಮ್ಮ. ಕುರುಗೋಡಿನಾಕಿ.”

“ಯಾವಾಗ?”

“ಮುಂಜಾನಿ ಎಂಟಕ್ಕ. ನಾನು ಜಳಕಕ್ಕ ಹೋಗಿದ್ದೆ. ಬಾಗಿಲಾಗ ನಮ್ಮವ್ವ ಇದ್ಲು. ಆಕಿಗಿ ಹೇಳೇ ಹೋಗ್ಯಾಳ್ರಿ. ಆರ್ಡರ್ ಆಗೈತಿ, ಇನ್ನ ಮ್ಯಾಲೆ ಭಾನುವಾರ ಕೂಸು ನನ್ ಕಡಿ, ಸಂಜಿಗಿ ತಂದು ಬಿಡ್ತೀನಿ ಅಂತ.”

“ಆರ್ಡರ್ ಆಗೈತೇನು?”

“ಎಲ್ಲೀ ಆರ್ಡರ್ ರೀ! ಬಳ್ಳಾರಿ ಕೋರ್ಟಿನ್ಯಾಗ ಕೇಸ್ ಇನ್ನೂ ನಡದೈತಿ.”

ಮಗು ರಶ್ಮಿಗೆ ಏಳು ವರ್ಷ. ತಾಯಿ ಕಾಮಾಲೆಯಿಂದ ತೀರಿಕೊಂಡು ನಾಲ್ಕು ವರ್ಷ. ಅದು ಮೆಚ್ಚಿ ಆದ ಮದುವೆ. ಗವಿಸಿದ್ದೇಶನ ಮನೆಯವರು ಸೊಸೆಯನ್ನು ಹೇಗೋ ಒಳಗೆ ಬಿಟ್ಟುಕೊಂಡರು, ಸೊಸೆಯ ಕೇರಿಯನ್ನು ಬಿಟ್ಟುಕೊಳ್ಳಲಿಲ್ಲ. ಮಗಳು ಸತ್ತ ಮೇಲೆ ಯಂಕಮ್ಮ ಮೊಮ್ಮಗಳನ್ನು ನೋಡಲು ಬಂದಾಗಲೆಲ್ಲ ಹೊಸ್ತಿಲ ಹೊರಗಿನಿಂದಲೇ ಹಿಂದಿರುಗಿದ್ದಳು. ಕೊನೆಗೆ ವಾರಕ್ಕೊಮ್ಮೆ ಮಗುವನ್ನು ನೋಡಲು ಬಿಡಿ ಎಂದು ಕೋರ್ಟಿಗೆ ಹೋದಳು.

ಅಪಹರಣದ ಕಲಂ ಹಾಕಿ ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೇಬಲ್ ಸುಂಕಣ್ಣ ಮತ್ತು ಮಹಿಳಾ ಕಾನ್‌ಸ್ಟೇಬಲ್ ನೇತ್ರಾ ಅವರನ್ನು ಕರೆದುಕೊಂಡು ಉಮಾಪತಿ ಕುರುಗೋಡಿನ ದಾರಿ ಹಿಡಿದರು.

ಮಗು ಕದ್ದವರು ಬಾಗಿಲು ಹಾಕಿಕೊಂಡಿರುತ್ತಾರೆ. ಯಂಕಮ್ಮನ ಬಾಗಿಲು ಹಾರು ಹೊಡೆದಿತ್ತು. ರಶ್ಮಿ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದಳು. ಅಜ್ಜಿ ಹಿಂದೆ ಕೂತು ಜಡೆ ಹಾಕುತ್ತಿದ್ದಳು. ಒಂದು ಜಡೆ ಮುಗಿದಿತ್ತು, ಇನ್ನೊಂದು ಕಡೆಯ ಕೂದಲು ಇನ್ನೂ ಬಿಚ್ಚಿತ್ತು. ಪೊಲೀಸರನ್ನು ಕಂಡು ಆಕೆ ಗಾಬರಿಯಾಗಲಿಲ್ಲ. ಆರ್ಡರನ್ನು ಜಾರಿ ಮಾಡಲು ಬಂದಿದ್ದಾರೆಂದೇ ತಿಳಿದಳು.

“ಬರ್ರಿ ಸಾಹೇಬ್ರ. ನಾನ ಕರ್ಕೊಂಡು ಬಂದೀನಿ, ನಿಮಗ ತ್ರಾಸು ಕೊಟ್ಟಿಲ್ಲ.”

“ಆರ್ಡರ್ ಯಾರು ಕೊಟ್ರು?”

“ನ್ಯಾಯ ಇಲಾಖಿ ಸಾಹೇಬ್ರು. ಡೆಲ್ಲಿಯವ್ರು.”

“ಕಾಗದ ಕೊಟ್ರಾ?”

“ಬಾಯಿಲೇ ಹೇಳಿದ್ರು. ದೊಡ್ಡ ಸಾಹೇಬ್ರು ಹೇಳಿದ ಮ್ಯಾಲೆ ಕಾಗದ ಯಾಕ್ರಿ?”

“ರೊಕ್ಕ ಏನರ ಇಸ್ಕೊಂಡ್ರಾ?”

“ಛೇ. ನಾ ಕೊಟ್ಟ ಚಾ ಸುದ್ದಾ ಮುಟ್ಟಲಿಲ್ಲ.”

ಕಳೆದ ಶುಕ್ರವಾರ ಊರಿನ ಸಮುದಾಯ ಭವನದಲ್ಲಿ ವಿಚಾರಣೆ ನಡೆದಿತ್ತಂತೆ. ಅಲ್ಲಿದ್ದವರು ಆ ಸಾಹೇಬರು ಮತ್ತು ಯಂಕಮ್ಮ ಇಬ್ಬರೇ. ಅವರು ಆಕೆಯ ಮಾತನ್ನು ಪೂರ್ತಿ ಕೇಳಿದರು. ನಡುವೆ ಬಾಯಿ ಹಾಕಲಿಲ್ಲ. ಅತ್ತಾಗ ಅಳುವುದು ಮುಗಿಯುವವರೆಗೆ ಕಾದರು. ಇದನ್ನು ಹೇಳುವಾಗ ಯಂಕಮ್ಮನ ಮುಖದಲ್ಲಿ ಸಂತೋಷವಿತ್ತು.

“ಯಂಕಮ್ಮ, ಆ ಮನಿಷ್ಯಾ ಸುಳ್ಳು. ಆರ್ಡರ್ ಆಗಿಲ್ಲ. ಕೂಸನ್ನ ಕರ್ಕೊಂಡು ಹೋಗಬೇಕಾಗ್ತೈತಿ.”

ಆಕೆಯ ಕೈಯಲ್ಲಿ ಬಾಚಣಿಗೆ ಹಾಗೇ ನಿಂತಿತು. ರಶ್ಮಿ ತಿರುಗಿ ನೋಡದೆಯೇ ಹೇಳಿದಳು: “ಅಮ್ಮಮ್ಮ, ಇನ್ನೊಂದು ಜಡಿ ಉಳದೈತಿ.”

“ಹಾಕಿ ಮುಗಸ್ರಿ, ಅವಸರ ಇಲ್ಲ” ಎಂದು ಉಮಾಪತಿ ಹೊರಗೆ ಬಂದು ನಿಂತರು. ಎರಡನೆಯ ಜಡೆಯನ್ನು ಆಕೆ ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು. ನೇತ್ರಾ ಒಮ್ಮೆಯೂ ಗಡಿಯಾರ ನೋಡಲಿಲ್ಲ.

ಮಗು ಅಪ್ಪನ ಮನೆ ಸೇರಿತು. ಯಂಕಮ್ಮನಿಗೆ ನೋಟಿಸು ಕೊಟ್ಟು ಊರಲ್ಲೇ ಬಿಟ್ಟರು. ಮರುದಿನ ಸಮುದಾಯ ಭವನದಲ್ಲಿ ಪಂಚನಾಮೆ. ಒಂದು ಮೇಜು, ಅದರ ಮೇಲೆ ಹಸಿರು ಬಟ್ಟೆ, ಎರಡು ಕುರ್ಚಿ. ಕಸ ಗುಡಿಸುವ ಮಾರೆಮ್ಮನಿಂದ ಬೀಗದ ಕೈ ಇಸಿದುಕೊಂಡಿದ್ದವನು ಅರವತ್ತು ದಾಟಿದ, ಬಿಳಿ ಅಂಗಿಯ ಮನುಷ್ಯ. ಆಕೆ ಅವನನ್ನು ನೋಡಿದ್ದಳಷ್ಟೆ. ಒಳಗೆ ಏನು ಮಾತಾಯಿತೋ ಆಕೆಗೆ ಗೊತ್ತಿರಲಿಲ್ಲ.

ಇಲ್ಲೇ ತೊಡಕು. ಮಗುವನ್ನು ಇಟ್ಟುಕೊಳ್ಳುವ ಹಕ್ಕು ತನಗಿದೆ ಎಂದು ಪ್ರಾಮಾಣಿಕವಾಗಿ ನಂಬಿ ಕರೆದೊಯ್ದವರ ಮೇಲೆ ಅಪಹರಣದ ಆರೋಪ ನಿಲ್ಲುವುದಿಲ್ಲ. ಆದರೆ ಯಂಕಮ್ಮ ಹಾಗೆ ನಂಬಿದ್ದಳು ಎನ್ನಲು ಸಾಕ್ಷಿ ಯಾರು? ಆ ಮನುಷ್ಯ ಸಿಗದಿದ್ದರೆ, ಅಥವಾ ಸಿಕ್ಕಿ ‘ನಾ ಏನೂ ಹೇಳಿಲ್ಲ’ ಅಂದರೆ, ಮುದುಕಿಯೇ ಕಳ್ಳಿ. ಆಮೇಲೆ ಮೊಮ್ಮಗಳನ್ನು ನೋಡುವ ಕೇಸನ್ನು ಮರೆತುಬಿಡಬಹುದು.

ಊರಿನಲ್ಲಿ ಸರ್ಕಾರಿ ಸೇವಾ ಕೇಂದ್ರವೊಂದಿತ್ತು. ಹೊರಗೆ ‘ಟೆಲಿ ಲಾ, ನ್ಯಾಯ ಇಲಾಖೆ, ಭಾರತ ಸರ್ಕಾರ’ ಎಂಬ ಬ್ಯಾನರ್ ಕಂಡು ಉಮಾಪತಿ ಒಳಗೆ ಹೋದರು. ಅಲ್ಲಿ ಕೂರುವ ಕಾನೂನು ಸ್ವಯಂಸೇವಕಿ ಸಂಘಮಿತ್ರಾ ಚುರುಕು ಹುಡುಗಿ.

“ನಿಮ್ಮ ಇಲಾಖಿಯವ್ರು ಊರಿಗಿ ಬಂದು ತೀರ್ಪು ಕೊಡ್ತಾರೇನಮ್ಮ?”

“ಎಲ್ಲೂ ಕೊಡಂಗಿಲ್ರಿ ಸಾರ್. ತೀರ್ಪು ಜಡ್ಜ್ ಕೊಡೋದು. ದೊಡ್ಡ ಕೋರ್ಟಿನ ಜಡ್ಜ್ ನೇಮಕದ ಕೆಲಸ, ಕೋರ್ಟ್ ಕಟ್ಟಡ, ಕಂಪ್ಯೂಟರ್, ಇಂಥಾವು ಇಲಾಖಿ ನೋಡ್ತೈತಿ. ಬಡವರಿಗಿ ಇಲ್ಲಿಂದ ಫೋನಿನ್ಯಾಗ ವಕೀಲರನ್ನ ಮಾತಾಡಿಸ್ತೈತಿ, ಅಷ್ಟ.”

“ಮೊದಲು ಇದು ನಮ್ಮ ಗೃಹ ಖಾತಿ ಕೆಳಗ ಇತ್ತಲ್ಲ?”

“ಹೌದ್ರಿ, ಎರಡು ಸಾವಿರದ ಒಂಬತ್ತರ ತನಕ. ಆಮ್ಯಾಲೆ ಕಾನೂನು ಮಂತ್ರಾಲಯಕ್ಕ ಹೋತು. ಪೊಲೀಸ್ ಮನಿ ಬಿಟ್ಟು ವಕೀಲರ ಮನಿ ಸೇರಿತು ನೋಡ್ರಿ” ಎಂದು ನಕ್ಕಳು.

ಬಿಳಿ ಅಂಗಿಯವನ ಸುದ್ದಿ ತೆಗೆದಾಗ ಅವಳ ನಗು ನಿಂತಿತು. ಅಂಥವನೊಬ್ಬ ಆಗಾಗ ಬಳ್ಳಾರಿ ಬಸ್ಸಿಗೆ ಬಂದು ಮಧ್ಯಾಹ್ನವೆಲ್ಲ ಬೆಂಚಿನ ಮೇಲೆ ಕೂತು, ಜನ ಪರದೆಯ ಮೇಲಿನ ವಕೀಲರೊಂದಿಗೆ ಮಾತಾಡುವುದನ್ನು ನೋಡುತ್ತಿದ್ದನಂತೆ. ಅವನದು ಯಾವ ಕೇಸೂ ಇರಲಿಲ್ಲ. ಯಂಕಮ್ಮ ವಕೀಲರೊಂದಿಗೆ ಮಾತಾಡಲು ಬಂದ ದಿನವೂ ಇದ್ದ. ಅವತ್ತು ನೆಟ್‌ವರ್ಕ್ ಹೋಗಿ ಆಕೆ ಬರಿಗೈಯಲ್ಲಿ ಹೊರಟಾಗ ಅವನೂ ಎದ್ದು ಹೋದ.

“ನಿನ್ನ ಕೂಡ ಏನರ ಮಾತಾಡಿದ್ನಾ?”

“ಒಂದ ಸಲ. ಇಲ್ಲಿ ಹೆಸರು ಯಾರು ಕೂಗ್ತಾರ್ರಿ ಅಂತ ಕೇಳಿದ. ಯಾರೂ ಕೂಗಂಗಿಲ್ಲ, ನಂಬರ್ ಬರ್ತೈತಿ ಅಂದೆ. ಹೋಗಿ ಮತ್ತ ಬೆಂಚಿನ ಮ್ಯಾಲೆ ಕುಂತ.”

ಮೊದಲು ಉಮಾಪತಿ ತಪ್ಪು ದಾರಿ ಹಿಡಿದರು. ನಕಲಿ ವಕೀಲರು, ತಾಲೂಕು ಕಚೇರಿಯ ದಲ್ಲಾಳಿಗಳು, ಹಿಂದೆ ಅಧಿಕಾರಿ ವೇಷ ಹಾಕಿ ಸಿಕ್ಕಿಬಿದ್ದವರು, ಎಲ್ಲರನ್ನೂ ಕರೆಸಿ ವಿಚಾರಿಸಿದರು. ಅವರಲ್ಲಿ ಒಬ್ಬ, “ರೊಕ್ಕ ಇಲ್ದ ಯಾವ ಹುಚ್ಚ ಈ ಕೆಲಸ ಮಾಡ್ತಾನ್ರಿ?” ಎಂದು ಉಮಾಪತಿಯನ್ನೇ ಕೇಳಿದ. ರಾರಾವಿ ಎಂಬ ಹಳ್ಳಿಯಲ್ಲೂ ಅದೇ ಬಿಳಿ ಅಂಗಿಯವನು ಇಬ್ಬರು ಅಣ್ಣತಮ್ಮಂದಿರ ಬದುವಿನ ಜಗಳ ತೀರಿಸಿದ್ದು ಗೊತ್ತಾಯಿತು. ದೂರು ಕೊಡಿ ಎಂದರೆ ಇಬ್ಬರೂ ಕೈಮುಗಿದರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರೆ. ಇಲ್ಲಿ ಇಬ್ಬರೂ ಬದುಕಿಕೊಂಡಿದ್ದರು.

ಬುಧವಾರ ಯಂಕಮ್ಮನ ಹೇಳಿಕೆಯನ್ನು ಮತ್ತೊಮ್ಮೆ ಪಡೆದರು.

“ಅವತ್ತು ನೀ ಭವನಕ್ಕ ಹೋದಾಗಿಂದ ಹೇಳು. ಏನೂ ಬಿಡಬ್ಯಾಡ.”

“ಹೋಗಿ ಕುರ್ಚಿ ಮ್ಯಾಲೆ ಕುಂತೆ. ಸಾಹೇಬ್ರು ಎದುರಿಗಿ ಕುಂತಿದ್ರು. ಆಮ್ಯಾಲೆ ಎದ್ದು ಬಾಗಿಲಿಗಿ ಹೋಗಿ ನನ್ ಹೆಸರು ಕೂಗಿದ್ರು.”

“ನೀ ಒಳಗ ಇದ್ದೆಲ್ಲ?”

“ಇದ್ದೆ. ಆದ್ರೂ ಹೊರಗ ಮುಖ ಮಾಡಿ ಕೂಗಿದ್ರು. ಯಂಕಮ್ಮ ಕೋಂ ಹನುಮಂತಪ್ಪ, ಸಾಕಿನ್ ಕುರುಗೋಡು. ಮೂರು ಸಲ. ಎಂಥಾ ದನಿ ಅಂತೀರಿ! ಆಮ್ಯಾಲೆ ಅಳಿಯನ ಹೆಸರು ಮೂರು ಸಲ. ಅವ ಬಂದಿಲ್ಲ ಅಂತ ಬಂದು ಕುರ್ಚಿ ಮ್ಯಾಲೆ ಕುಂತು, ಎಕ್ಸ್‌ಪಾರ್ಟಿ, ಅವ ಇಲ್ದನ ತೀರ್ಪು ಅಂದ್ರು.”

ಉಮಾಪತಿ ಪೆನ್ನು ಕೆಳಗಿಟ್ಟರು. ಯಾವ ಜಡ್ಜೂ ಕುರ್ಚಿಯಿಂದ ಎದ್ದು ಬಾಗಿಲಿಗೆ ಹೋಗಿ ಹೆಸರು ಕೂಗುವುದಿಲ್ಲ. ಡೆಲ್ಲಿಯಿಂದ ಬಂದವನಿಗೆ ‘ಇಂಥವನ ಹೆಂಡತಿ’ ಎನ್ನಲು ‘ಕೋಂ’ ಎನ್ನಬೇಕೆಂದು ಗೊತ್ತಿರುವುದಿಲ್ಲ. ಎದುರಿಗೇ ಕೂತವರನ್ನೂ ಹೊರಗೆ ನೋಡಿ ಕೂಗುವವನು ಲೋಕದಲ್ಲಿ ಒಬ್ಬನೇ: ಕೋರ್ಟಿನ ಜವಾನ. ಬಿಳಿ ಸಮವಸ್ತ್ರ, ಎದೆಗೆ ಅಡ್ಡಲಾಗಿ ದವಾಲಿ ಪಟ್ಟಿ ಹಾಕಿ ಬಾಗಿಲಲ್ಲಿ ನಿಲ್ಲುವ ಅವನ ಮುಖವನ್ನು ಯಾರೂ ನೋಡುವುದಿಲ್ಲ. ಯಂಕಮ್ಮನೂ ನೋಡಿರಲಿಲ್ಲ.

ಗುರುವಾರ ಬಳ್ಳಾರಿಯಲ್ಲಿ ಸುಂಕಣ್ಣ ನಿವೃತ್ತ ಜವಾನರ ವಿಚಾರಣೆ ಮಾಡಿದ. ದೊಡ್ಡ ದನಿಯವನು ಯಾರು ಎಂದರೆ ಎಲ್ಲರೂ ಹೇಳಿದ್ದು ಒಂದೇ ಹೆಸರು, ಯರ್ರಿಸ್ವಾಮಿ. ಹಿಂದಿನ ವರ್ಷ ನಿವೃತ್ತನಾದವನು. ಕೌಲ್ ಬಜಾರಿನ ಸಂದಿಯೊಂದರಲ್ಲಿ ಒಂದೇ ಕೋಣೆಯ ಮನೆ. ಹೆಂಡತಿ ಇಲ್ಲ, ಮಕ್ಕಳಾಗಿರಲಿಲ್ಲ. ಸಂಜೆ ಐದಕ್ಕೆ ಪೊಲೀಸರು ಬಾಗಿಲು ತಟ್ಟಿದಾಗ ಅವನ ಮುಖದಲ್ಲಿ ಮೊದಲು ಕಂಡದ್ದು ಭಯವಲ್ಲ, ಯಾರೋ ಮನೆಗೆ ಬಂದರಲ್ಲ ಎಂಬ ಖುಷಿ. ಇದ್ದ ಒಂದೇ ಕುರ್ಚಿಯನ್ನು ಒರೆಸಿ ಮುಂದಿಟ್ಟ.

“ಕುರುಗೋಡಿನ ಯಂಕಮ್ಮ ಗೊತ್ತೇನು?”

“ಗೊತ್ರಿ. ಎರಡು ವರ್ಷ ಆಕಿ ಹೆಸರು ಕೂಗೀನಿ. ಒಂದು ತಾರೀಖೂ ತಪ್ಪಿಸಿಲ್ಲ ಆಕಿ. ಅಳಿಯ ಬರಂಗಿಲ್ಲ, ಬಂದ್ರೂ ಟೈಮ್ ಕೇಳ್ತಾನ. ಆಕಿ ಒಳಗ ಬರೋದು, ಕೈಮುಗಿಯೋದು, ಹೋಗೋದು.”

“ಅಧಿಕಾರಿ ಅಂತ ಯಾಕ ಹೇಳಿದೆ?”

“ಬೋರ್ಡಿನ ಮ್ಯಾಲೆ ನ್ಯಾಯ ಇಲಾಖಿ ಅಂತ ಇತ್ರಿ. ಅಲ್ಲಿಯವ ಅದೀನಿ ಅಂದೆ. ಜವಾನ ಅದೀನಿ ಅಂದ್ರ ಯಾರು ಕೇಳ್ತಾರ್ರಿ?”

“ನಿನಗೇನು ಬರ್ತಿತ್ತು ಇದರಾಗ?”

ಯರ್ರಿಸ್ವಾಮಿ ಬಾಗಿಲಾಚೆಯ ಸಂದಿಯ ಕಡೆ ನೋಡಿದ.

“ಜನ್ಮಾ ಪೂರ್ತಿ ಮಂದೀನ ಕೂಗಿ ಒಳಗ ಕಳಸೀನ್ರಿ. ಒಳಗ ಏನಾತು ಅಂತ ನನಗ ಯಾರೂ ಹೇಳಿಲ್ಲ. ಈಗ ಈ ಸಂದ್ಯಾಗ ನಾ ಯಾರನ್ನ ಕೂಗ್ಲಿ? ನನ್ನನ್ನ ಯಾರು ಕೂಗ್ತಾರ? ಒಬ್ಬರದರ ಪೂರ್ತಿ ಕೇಳಬೇಕು ಅನ್ನಿಸ್ತು.”

ಉಮಾಪತಿ ಇದ್ದದ್ದನ್ನು ಇದ್ದಹಾಗೆ ಹೇಳಿದರು. ಒಂದು ಊಟ, ಎರಡು ಜಡೆ, ಅಷ್ಟರಲ್ಲಿ ಮಗುವನ್ನು ವಾಪಸು ಒಯ್ದದ್ದು. ಯಂಕಮ್ಮನ ಮೇಲಿರುವ ಕೇಸು. ಅವನ ಮುಖ ಬಾಡಿಹೋಯಿತು.

“ನಾ ಹೇಳಿಲ್ಲ ಅಂದ್ರ?”

“ಆಕಿ ಜೈಲಿಗಿ ಹೋಗಬಹುದು.”

“ಹೇಳೀನಿ ಅಂದ್ರ?”

“ನೀ ಹೋಗಬಹುದು.”

ಅವನು ಗೂಟದ ಮೇಲಿದ್ದ ಬಿಳಿ ಅಂಗಿ ತೆಗೆದು ಹಾಕಿಕೊಂಡ. ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಯಾರ ಕೈಗೆ ಕೊಡುವುದೆಂದು ತಿಳಿಯದೆ ನಿಂತ. ಕೊನೆಗೆ ಸುಂಕಣ್ಣ ಅದನ್ನು ಇಸಿದುಕೊಂಡ. ಸರ್ಕಾರಿ ನೌಕರನ ಸೋಗು ಹಾಕಿದ ಆರೋಪದ ಮೇಲೆ ಸಂಜೆ ಐದು ನಲವತ್ತಕ್ಕೆ ದಸ್ತಗಿರಿ ಎಂದು ದಾಖಲಾಯಿತು.

ಶುಕ್ರವಾರ ಅವನನ್ನು ಸಿರುಗುಪ್ಪ ಕೋರ್ಟಿಗೆ ಹಾಜರುಪಡಿಸಿದರು. ಅದೇ ಕೇಸಿನಲ್ಲಿ ಆರೋಪಿಯಾದ ಯಂಕಮ್ಮನೂ ಬಂದು ವರಾಂಡದ ಬೆಂಚಿನ ಮೇಲೆ ಕೂತಿದ್ದಳು, ಪಕ್ಕದಲ್ಲಿ ಸಂಘಮಿತ್ರಾ. ಟೆಲಿ ಲಾ ಫೋನಿನಲ್ಲಿ ಸಿಕ್ಕ ವಕೀಲರ ಸಲಹೆಯಂತೆ, ಕೇಸು ಮುಗಿಯುವವರೆಗೆ ಭಾನುವಾರಗಳಂದು ಮಗುವನ್ನು ನೋಡಲು ಬಿಡಬೇಕೆಂಬ ಅರ್ಜಿಯನ್ನು ಬಳ್ಳಾರಿ ಕೋರ್ಟಿಗೆ ಹಾಕಿದ್ದಾಯಿತೆಂದು ಅವಳು ಉಮಾಪತಿಗೆ ಹೇಳಿದಳು. ಈ ಅಪಹರಣದ ಕೇಸು ಬಿದ್ದುಹೋದರೆ ಮಾತ್ರ ಆ ಅರ್ಜಿಗೆ ಜೀವ.

ಬಾಗಿಲಿಗೆ ಬಂದ ಜವಾನ ಎಳೆಯ ವಯಸ್ಸಿನವನು. ತೆಳು ದನಿಯಲ್ಲಿ ಕೂಗಿದ.

“ಯರ್ರಿಸ್ವಾಮಿ...”

ಸುಂಕಣ್ಣನ ಪಕ್ಕ ನಿಂತಿದ್ದ ಯರ್ರಿಸ್ವಾಮಿ ಅಭ್ಯಾಸಬಲದಿಂದ ವರಾಂಡದ ಕಡೆ ತಿರುಗಿ, ಬರುವವರು ಯಾರೆಂದು ನೋಡಿದ.

“ಯರ್ರಿಸ್ವಾಮಿ...”

“ಬಂದಂಗಿಲ್ಲ ಕಾಣ್ತೈತಿ” ಎಂದು ಅವನು ತನ್ನಷ್ಟಕ್ಕೇ ಗೊಣಗಿದ.

ಯಂಕಮ್ಮ ಬೆಂಚು ಬಿಟ್ಟು ಎದ್ದಳು. “ಅದಾರ್ರೀ! ಇಲ್ಲೇ ಅದಾರ. ಸಾಹೇಬ್ರು ಬಂದಾರ.”

ಜವಾನ ಮೂರನೆಯ ಸಲ ಕೂಗಲಿಲ್ಲ. ಯರ್ರಿಸ್ವಾಮಿ ಆಕೆಯನ್ನು ಒಮ್ಮೆ ನೋಡಿದ. ಆಮೇಲೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಆಕೆಗೆ ಆರ್ಡರ್ ಹೇಳಿದವನು ತಾನೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.