ಬದುವಿನ ಬ್ರಹ್ಮದಂಡಿ

"ಏ... ನಿಲ್ರಿ! ಅದಕ್ಕ ಕುಡಗೋಲ ಹಚ್ಚಬ್ಯಾಡ್ರಿ!"

ಕಾಶಪ್ಪ ಬೆಚ್ಚಿ ತಿರುಗಿದ. ಕೂಡಲಸಂಗಮದ ದಾರಿಗೆ ಹತ್ತಿದ ಅವನ ಹೊಲದ ಬದುವಿನ ಮೇಲೆ ಹೆಣ್ಣುಮಗಳೊಬ್ಬಳು ಏದುಸಿರು ಬಿಡುತ್ತ ನಿಂತಿದ್ದಳು.

"ಮುಳ್ಳಗಿಡಾ ಐತ್ರಿ. ಎತ್ತಿಗೆ ಚುಚ್ಚತೈತಿ."

ಅವಳು ಎಲೆಯೊಂದನ್ನು ಮುರಿದು ನೋಡಿದಳು. "ಹಳದಿ ಹಾಲು ಬರವಲ್ದು. ದತ್ತೂರಿ ಅಲ್ಲ. ಬ್ರಹ್ಮದಂಡಿ ಇರಬೇಕು... ಹೂ ಅರಳಿದ್ರ ಖರೆ ಗೊತ್ತಾಗ್ತೈತಿ. ಅಲ್ಲೀತನಕಾ ಬಿಡ್ರಿ!"

ಅವನು ನಕ್ಕು ಕುಡುಗೋಲು ಕೆಳಗಿಟ್ಟ.

೧೯೭೮ರ ಸೀಗಿ ಹುಣ್ಣಿಮೆ ಆಗಷ್ಟೇ ಮುಗಿದಿತ್ತು. ಆಕೆ ಬಸಲಿಂಗವ್ವ, ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಹುಟ್ಟೂರು ಬಾದಾಮಿಯಲ್ಲಿ ಹೆತ್ತವರು ತೀರಿಹೋಗಿದ್ದರು. ಬಾಡಿಗೆ ಕೋಣೆಯಲ್ಲಿ ಸ್ಟವ್ವಿನ ಸದ್ದು ಬಿಟ್ಟರೆ ಬೇರೆ ದನಿಯಿಲ್ಲ. ಅದಕ್ಕೇ ಭಾನುವಾರ ಬಸ್ಸು ಹತ್ತಿ, ಕಾಡುಗಿಡಗಳನ್ನು ಗುರುತಿಸುತ್ತ ಒಬ್ಬಳೇ ಅಲೆಯುವಳು.

ಈಗ ಪ್ರತಿ ಭಾನುವಾರವೂ ಅದೇ ಬದು! ಕಾಶಪ್ಪ ಮಜ್ಜಿಗೆ ತಂದುಕೊಡುತ್ತಿದ್ದ. ತೀರಿಹೋದ ಹೆಂಡತಿಯ ಮಾತನ್ನು ಯಾರ ಮುಂದೂ ಆಡದವನು ಇವಳ ಮುಂದೆ ಆಡಿದ.

ಒಂದು ಭಾನುವಾರ ಬಂದರೆ... ಬದು ಬೋಳಾಗಿತ್ತು! ಕಾಶಪ್ಪನೂ ಇರಲಿಲ್ಲ.

'ನನ್ನ ಮಾತಿಗೆ ಇಷ್ಟೇನಾ ಬೆಲೆ...'

ಮರುದಿನವೇ ಬಾದಾಮಿಗೆ ವರ್ಗ ಕೇಳಿದಳು. ಅಲ್ಲಿ ಯಾರಿದ್ದಾರೆ? ಯಾರೂ ಇಲ್ಲ. ಇಲ್ಲಿಯೂ ಇಲ್ಲವಲ್ಲ!

ಆಮೇಲಿನ ಭಾನುವಾರಗಳು ಬಾಗಿಲು ಹಾಕಿದ ಕೋಣೆಯಲ್ಲೇ ಕಳೆದವು.

ಒಂದು ಸಂಜೆ ಶಾಲೆ ಬಿಟ್ಟಾಗ ಗೇಟಿನ ಬಳಿ ಕಾಶಪ್ಪ ನಿಂತಿದ್ದ. ಕೈತುಂಬ ಗೀರುಗಾಯ. ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿದ ಗುಂಡನೆಯ ತಿಳಿನೀಲಿ ಹೂವು.

"ನಾ ಬಾಗಲಕೋಟಿಗೆ ಹೋದಾಗ ಅಣ್ಣ ಗಿಡಾ ಕಡದಬಿಟ್ಟಾನ್ರಿ. ಬೇವೂರತನಕಾ ಬದು ಬದು ಹುಡುಕೇನಿ..."

ಅವಳು ಹೂವನ್ನು ಬಿಡಿಸಿ ನೋಡಿದಳು. "ಬ್ರಹ್ಮದಂಡೀನ! ಇದು ಒಂದ ಹೂವಲ್ರಿ, ಸಣ್ಣ ಸಣ್ಣ ಹೂ ಗುಂಡಗ ಕೂಡ್ಯಾವ..."

"ವರ್ಗಾ ಕೇಳೀರಂತ? ಜವಾನ ಹೇಳಿದ. ಬರೇ ಹೂ ನೋಡಾಕ ಬರ್ತಿದ್ರೇನ್ರಿ?"

"ಮೊದ್ಲ ಹೂವಿಗೇ ಬರ್ತಿದ್ದೆ. ಆಮ್ಯಾಲ... ಅದು ಅರಳೋದ ಬ್ಯಾಡ ಅನಸ್ತಿತ್ರಿ. ಅರಳಿದ್ರ ಬರಾಕ ನೆವಾ ಎಲ್ಲೈತಿ?"

ಕಾಶಪ್ಪ ನೆಲ ನೋಡಿದ. "ನೆವಾ ಯಾಕ್ರಿ? ನನ್ನ ಮನಿಗೇ ಬಂದಬಿಡ್ರಿ... ನನ್ನಾಕಿ ಆಗಿ."

"ಸಾಲಿ ಬಿಡಂಗಿಲ್ಲ ನೋಡ್ರಿ ನಾ!"

"ಯಾರ ಬಿಡಂದ್ರು? ಮುಂಜಾನೆ ನಾನ ಬಸ್ಸಿಗೆ ಹತ್ತಸ್ತೇನಿ."

"ಸಂಜೀಕ?"

"ಬಸ್ ಬರೂತನಕಾ ಅಲ್ಲೇ ನಿಂತಿರ್ತೇನಿ."

ಅವಳ ಕಣ್ಣಿಂದ ನೀರು ಧುಮುಕಿತು.

"ಅಯ್ಯ... ಮುಳ್ಳ ಚುಚ್ಚೇತೇನ್ರಿ?"

"ಹೂಂರಿ," ಎಂದಳು ಬಸಲಿಂಗವ್ವ, ಅಳುತ್ತಲೇ ನಗುತ್ತ.