ಕನ್ನಡಕ ಮರೆತು ಬಂದವನು

"ಬೇಡ ಮರಿ, ನಮಗೆ ಲೈಸೆನ್ಸೇ ಬೇಕು."

ಪುಲೋಯ್ ಹಾಗೆಂದ ಕ್ಷಣ ಮೆನಾಳ ಕೈಯಲ್ಲಿದ್ದ ಬೀಸಣಿಗೆ ನಿಂತೇಬಿಟ್ಟಿತು.

ಪುರಸಭೆಯ ಕೌಂಟರಿನ ಹಿಂದೆ ಕೂತಿದ್ದ ಜೊವಿಲಿನ್ ಕೂಡ ತಲೆಯೆತ್ತಿ ನೋಡಿದಳು. ಊರಿನ ಮದುವೆಯ ಕಾಗದಗಳೆಲ್ಲ ಆ ಹುಡುಗಿಯ ಕೈಯಿಂದಲೇ ಹೋಗುವುದು. ಇಂಥ ಮಾತನ್ನು ಅವಳು ಈವರೆಗೆ ಕೇಳಿರಲಿಲ್ಲ.

"ಅಣ್ಣಾ, ನಾನು ಹೇಳಿದ್ದು ಅರ್ಥ ಆಯ್ತಲ್ವಾ? ಐದು ವರ್ಷ ಗಂಡ-ಹೆಂಡ್ತಿ ಥರ ಒಟ್ಟಿಗಿದ್ದೋರಿಗೆ ಮದುವೆ ಲೈಸೆನ್ಸಿನ ಗೋಜೇ ಇಲ್ಲ. ನೀವು ಒಂಬತ್ತು ವರ್ಷದಿಂದ ಇದ್ದೀರಿ. ಹಾಗಂತ ಒಂದು ಅಫಿಡವಿಟ್‌ಗೆ ಸೈನ್ ಹಾಕಿ, ಈ ವಾರಾನೇ ಮೇಯರ್ ಮದುವೆ ಮಾಡಿಸ್ತಾರೆ. ಲೈಸೆನ್ಸ್ ಅಂದ್ರೆ ಸಂಸಾರ ನಡೆಸೋ ತರಬೇತಿಗೆ ಕೂರ್ಬೇಕು. ಆಮೇಲೆ ಹೊರಗಿನ ಬೋರ್ಡಲ್ಲಿ ಹತ್ತು ದಿನ ನೋಟಿಸ್ ಅಂಟಿಸ್ಬೇಕು. ಯಾರಿಗಾದ್ರೂ ತಕರಾರಿದ್ರೆ ಬಂದು ಹೇಳ್ಲಿ ಅಂತ..."

"ಅಂಟಿಸು."

"ಹತ್ತು ದಿನ ಅಣ್ಣಾ!"

"ಅಂಟಿಸು ಮರಿ."

ಜೊವಿಲಿನ್ ಮೆನಾಳ ಮುಖ ನೋಡಿದಳು. ಮೆನಾ ಪುಲೋಯ್‌ನ ಮುಖ ನೋಡಿದಳು. ಪುಲೋಯ್ ಮಾತ್ರ ಕೌಂಟರಿನ ಮೇಲೆ ಹರಿಯುತ್ತಿದ್ದ ಇರುವೆಯೊಂದನ್ನು ನೋಡುತ್ತಿದ್ದ. ಅವನ ಕಿವಿಗಳು ಕೆಂಪಾಗಿದ್ದವು.

ಏನನ್ನೋ ಬಚ್ಚಿಡುವಾಗಲೆಲ್ಲ ಅವನ ಕಿವಿ ಕೆಂಪಾಗುತ್ತದೆ. ಅದು ಮೆನಾಳಿಗಲ್ಲದೆ ಇನ್ನಾರಿಗೂ ಗೊತ್ತಿಲ್ಲ.

ಯಾಕೆ...? ಕೈಗೆಟುಕಿದ್ದನ್ನು ಯಾಕೆ ದೂರ ತಳ್ಳುತ್ತಿದ್ದಾನೆ?

ಮದುವೆಯಾಗಬಾರದೆಂದು ಅವರಿಬ್ಬರೂ ಎಂದೂ ಅಂದುಕೊಂಡವರಲ್ಲ. ಕೂಡಿ ಬಾಳಲು ತೊಡಗಿದ ವರ್ಷವೇ ಚಂಡಮಾರುತ ಮನೆಯ ಚಾವಣಿ ಹೊತ್ತೊಯ್ದಿತು. ಮೊದಲು ಚಾವಣಿ ಎಂದರು. ಆಮೇಲೆ ಪುಲೋಯ್‌ನ ತಾಯಿ ಹಾಸಿಗೆ ಹಿಡಿದರು. ಆಮೇಲೆ ದೋಣಿಯ ಎಂಜಿನ್. ಹರಿದ ಬಲೆಯ ಮೂಲೆಯನ್ನು ಇಂದು ಹೊಲಿದೇನು, ನಾಳೆ ಹೊಲಿದೇನು ಎನ್ನುತ್ತ ಹಾಗೇ ಬಿಡುತ್ತಾರಲ್ಲ, ಹಾಗೆ. ಕೊನೆಗೆ ಆ ಮಾತೇ ನಿಂತುಹೋಗಿತ್ತು. ಕಳೆದ ತಿಂಗಳು ಒಂದು ಸಂಜೆ ಅವನು ಎರಡು ತುತ್ತಿನ ನಡುವೆ, "ಮೆನಾ, ಮದುವೆ ಆಗೋಣ್ವಾ?" ಎಂದು ಕೇಳಿದ್ದ. ನಲವತ್ತೊಂದರ ಮೆನಾಳ ಎದೆ ಹದಿನೆಂಟರ ಹುಡುಗಿಯ ಎದೆಯಂತೆ ಹೊಡೆದುಕೊಂಡಿತ್ತು!

ಈಗ ನೋಡಿದರೆ ಹೀಗೆ.

ದಾರಿಯಲ್ಲಿ ಅವಳು ಕೇಳಿಯೇಬಿಟ್ಟಳು. "ಯಾಕೋ ಪುಲೋಯ್?"

"ಸುಮ್ನೆ... ಎಲ್ಲರೂ ಮಾಡೋ ಹಾಗೆ ನಾವೂ ಮಾಡೋಣ ಅಂತ."

ಕಿವಿ ಮತ್ತೆ ಕೆಂಪು.

ಮರುದಿನ ಸಂತೆಯಲ್ಲಿ ಮೆನಾ ಬಿಂಗ್ಕಾ ಸುಡುತ್ತಿದ್ದಳು. ಮೇಲೂ ಕೆಳಗೂ ಕೆಂಡವಿಟ್ಟು ಬೇಯಿಸುವ, ತೆಂಗಿನಹಾಲಿನ ಅಕ್ಕಿಕೇಕು ಅದು. ಪಕ್ಕದಲ್ಲಿ ಒಣಮೀನು ಮಾರುವ ಪಾಸಿಂಗ್ ಅಕ್ಕನಿಗೆ ಸುದ್ದಿ ಆಗಲೇ ಮುಟ್ಟಿತ್ತು.

"ಅಲ್ಲ ಕಣೇ, ಹಸಿದೋನು ಅನ್ನ ಬಡಿಸಿದ ಮೇಲೆ ಹತ್ತು ದಿನ ತಡಿ ಅಂತಾನಾ?"

"ಅವನಿಗೆ ಏನೋ ಲೆಕ್ಕಾಚಾರ ಇರುತ್ತೆ ಅಕ್ಕಾ."

"ಇರುತ್ತೆ, ಇರುತ್ತೆ! ಯಾರಾದ್ರೂ ಬಂದು ತಕರಾರು ಎತ್ತಲಿ, ತಾನು ಒಳ್ಳೆಯೋನಾಗೇ ಬಚಾವಾಗೋಣ ಅಂತ ಲೆಕ್ಕಾಚಾರ. ಗಂಡಸ್ರು ತಾನೆ? ನಿನ್ನ ಕೆಂಡ ನೋಡ್ಕೋ, ಸೀದು ಹೋಗ್ತಿದೆ!"

ಸೀದೇ ಹೋಗಿತ್ತು. ಆ ಬಿಂಗ್ಕಾವನ್ನು ಯಾರೂ ಕೊಳ್ಳಲಿಲ್ಲ.

ತಕರಾರು ಎತ್ತುವವರು ಯಾರಿದ್ದಾರೆ ಎಂದು ಯೋಚಿಸಿದರೆ ಮೆನಾಳ ಕಣ್ಣಿಗೆ ಬರುತ್ತಿದ್ದುದು ಒಂದೇ ಮುಖ, ಲುಡಿನ್ ಅಕ್ಕನದು. ಚರ್ಚಿನ ಹೆಂಗಸರ ಸಂಘಕ್ಕೆ ಆಕೆಯೇ ಯಜಮಾನಿ. ಗೆಳತಿಯ ಮಗುವಿನ ದೀಕ್ಷಾಸ್ನಾನಕ್ಕೆ ಜ್ಞಾನತಾಯಿಯಾಗಿ, ಅಂದರೆ ಮಗುವಿನ ಹೊಣೆ ಹೊರುವ ಎರಡನೇ ತಾಯಿಯಾಗಿ ನಿಲ್ಲಲು ಮೆನಾ ಬಿಳಿಯ ಪುಟ್ಟ ಅಂಗಿ ಹಿಡಿದು ಹೋಗಿದ್ದ ದಿನ, ಅವರು ಚರ್ಚಿನ ಬಾಗಿಲಲ್ಲೇ ಅಡ್ಡ ನಿಂತಿದ್ದರು.

"ನೀನು ಪುಲೋಯ್ ಜೊತೆಗಿರೋಳಲ್ವಾ? ಮದುವೆಯಿಲ್ಲದೆ ಸಂಸಾರ ಮಾಡೋರು ಜ್ಞಾನತಾಯಿ ಆಗೋ ಹಾಗಿಲ್ಲ."

ಹೆಸರೂ ಹಿಡಿಯಲಿಲ್ಲ. ಪುಲೋಯ್ ಜೊತೆಗಿರೋಳು, ಅಷ್ಟೇ!

ಮೆನಾ ಮನೆಗೆ ಬಂದು ತಲೆನೋವು ಎಂದು ಮಲಗಿದ್ದಳು. ಅಂಗಿ ಪೆಟ್ಟಿಗೆಯ ತಳ ಸೇರಿತ್ತು. ಪುಲೋಯ್ ಹೊರಗೆ ಬಲೆ ಹೊಲಿಯುತ್ತ ಕೂತವನು ಏನೂ ಕೇಳಲಿಲ್ಲ. ಗೊತ್ತಾಗದೆ ಇದ್ದದ್ದೇ ಒಳ್ಳೆಯದಾಯಿತು ಎಂದು ಅವಳು ನಿಟ್ಟುಸಿರು ಬಿಟ್ಟಿದ್ದಳು.

ತರಬೇತಿಯ ದಿನ ಸಭಾಂಗಣದ ತುಂಬ ಹುಡುಗ-ಹುಡುಗಿಯರು. ಇವರಿಬ್ಬರೇ ಹಿರಿಯರು. ಹೇಳಿಕೊಡುವ ಮೇಡಂ ಕೇಳಿದರು, "ಮನೇಲಿ ಒಳ್ಳೇ ತುಂಡು ಯಾರ ತಟ್ಟೆಗೆ ಹೋಗುತ್ತೆ? ನಿಜ ಹೇಳಿ!"

ಪುಲೋಯ್ ಎದ್ದು ನಿಂತ.

"ಇವಳು ಯಾವಾಗ್ಲೂ ಮೀನಿನ ತಲೆ ತಗೊಂಡು ನಡುವಿನ ತುಂಡು ನಂಗೆ ಹಾಕ್ತಾಳೆ ಮೇಡಂ. ತಲೆನೇ ಇಷ್ಟ ಅಂತಾಳೆ. ನಂಬೋದು ಹೇಗೆ?"

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಮೆನಾ ಬೀಸಣಿಗೆಯಿಂದ ಮುಖ ಮುಚ್ಚಿಕೊಂಡಳು. ಆದರೆ ಬೀಸಣಿಗೆಯ ಹಿಂದೆ ಅವಳಿಗೆ ನಗು ಬರಲಿಲ್ಲ. ಇದನ್ನೆಲ್ಲ ಗಮನಿಸುವವನು ತಪ್ಪಿಸಿಕೊಳ್ಳಲು ನೋಡುತ್ತಾನೆಯೇ? ಹಾಗಾದರೆ ಇನ್ನೇನು...?

ನೋಟಿಸ್ ಬೋರ್ಡಿಗೇರಿತು. ಅಂದಿನಿಂದ ಪುಲೋಯ್‌ಗೆ ಹೊಸ ಚಾಳಿ. ಸಂಜೆಯಾದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಡುವುದು!

"ಎಲ್ಲಿಗೆ?"

"ಪುರಸಭೆಗೆ. ದೋಣಿ ಪರ್ಮಿಟ್ ವಿಚಾರ."

ಪರ್ಮಿಟ್ ಜನವರಿಯಲ್ಲೇ ಆಗಿತ್ತು. ಮಾಡಿಸಿಕೊಂಡು ಬಂದವಳೇ ಮೆನಾ.

ಎರಡು ದಿನ ತಡೆದಳು. ಮೂರನೆಯ ಸಂಜೆ ಕುತೂಹಲ ಅವಳನ್ನು ಕೂರಲು ಬಿಡಲಿಲ್ಲ. ಚಪ್ಪಲಿ ಮೆಟ್ಟಿ ಅವನ ಹಿಂದೆಯೇ ನಡೆದಳು.

ಪುರಸಭೆಯ ಎದುರು ಸಾಲಾಗಿ ನಿಂತ ಬಾಡಿಗೆಯ ಮೂರು ಗಾಲಿ ಬಂಡಿಗಳ ಮರೆಯಲ್ಲಿ ನಿಂತು ನೋಡಿದಳು. ಪುಲೋಯ್ ಬೋರ್ಡಿನ ಮುಂದೆ ಕೈಕಟ್ಟಿ ನಿಂತಿದ್ದ. ಕಣ್ಣು ರಸ್ತೆಯ ಮೇಲೆ. ಯಾರನ್ನೋ ಕಾಯುತ್ತಿದ್ದ!

ಅಷ್ಟರಲ್ಲಿ ಚರ್ಚಿನ ಕಡೆಯಿಂದ ಕೊಡೆ ಹಿಡಿದು ಲುಡಿನ್ ಅಕ್ಕ ಬಂದರು. ಪುಲೋಯ್ ಎರಡು ಹೆಜ್ಜೆ ಮುಂದೆ ಹೋಗಿ ಅವರನ್ನು ತಡೆದ.

ಮೆನಾ ಬಂಡಿಯ ಮರೆಗೆ ಇನ್ನಷ್ಟು ಸರಿದಳು. ಇವರನ್ನೇ ಕಾಯುತ್ತಿದ್ದನೇ? ಪಾಸಿಂಗ್ ಅಕ್ಕ ಹೇಳಿದ್ದು... ನಿಜವೇ?

"ಲುಡಿನ್ ಅಕ್ಕಾ, ಒಂಚೂರು ಸಹಾಯ. ಕನ್ನಡಕ ಮನೇಲೇ ಮರೆತು ಬಂದೆ. ಇದೇನು ಬರೆದಿದಾರೆ, ಓದ್ತೀರಾ?"

ಮೆನಾ ಬೆಚ್ಚಿದಳು. ಕನ್ನಡಕ? ಇವನಿಗೆ ಕನ್ನಡಕ ಯಾವಾಗ ಬಂತು? ಬೆಳಿಗ್ಗೆ ತಾನೇ ಅವಳಿಗೆ ಸೂಜಿಗೆ ದಾರ ಪೋಣಿಸಿ ಕೊಟ್ಟವನು!

ಲುಡಿನ್ ಅಕ್ಕ ಕೊಡೆ ಮಡಚಿ ತಮ್ಮ ಕನ್ನಡಕ ಮೂಗಿಗೇರಿಸಿದರು. "ಯಾರ್‍ಯಾರದೋ ಮದುವೆ ನೋಟಿಸು. ಕ್ರಿಸ್ಪುಲೊ ತುಮುಲಾಕ್, ಮೀನುಗಾರ... ಅಯ್ಯೋ, ನಿಂದೇ ಅಲ್ವೇನೋ!"

"ನಂದು ಬಿಡಿ. ಪಕ್ಕದ್ದು ಓದಿ."

"ಫಿಲೊಮೆನಾ..." ಲುಡಿನ್ ಅಕ್ಕನ ಧ್ವನಿ ತಗ್ಗಿತು.

"ಸ್ವಲ್ಪ ಜೋರಾಗಿ ಅಕ್ಕಾ. ಈ ಕಿವೀನೂ ಮಂದ ಆಗ್ತಿದೆ."

"ಫಿಲೊಮೆನಾ ಲುಮಾಂತಾ ಕಬಾಹುಗ್!"

"ಹಾಂ. ಕೊನೇ ಸಾಲು?"

"ಈ ಮದುವೆಗೆ ಯಾರದಾದರೂ ಆಕ್ಷೇಪಣೆ ಇದ್ದಲ್ಲಿ..." ಲುಡಿನ್ ಅಕ್ಕ ಅರ್ಧಕ್ಕೇ ನಿಲ್ಲಿಸಿದರು.

"ನಿಮ್ಮದೇನಾದ್ರೂ ಇದೆಯಾ ಅಕ್ಕಾ? ಇದ್ರೆ ಒಳಗೆ ಜೊವಿಲಿನ್ ಕೂತಿದಾಳೆ." ಪುಲೋಯ್‌ನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ನಿಜಕ್ಕೂ ಕೇಳುತ್ತಿದ್ದ.

ಲುಡಿನ್ ಅಕ್ಕ ಕೊಡೆ ಬಿಚ್ಚಿದರು, ಮತ್ತೆ ಮಡಚಿದರು. "ನಂದೇನಿರುತ್ತೆ... ಒಳ್ಳೇದಾಗ್ಲಿ." ನಾಲ್ಕು ಹೆಜ್ಜೆ ಹೋದವರು ಹಿಂದಿರುಗಿ ನೋಡಿದರು. "ಆ ಬಿಂಗ್ಕಾದೋಳಿಗೆ ಇಷ್ಟು ಚೆಂದದ ಹೆಸರಿದೆ ಅಂತ ಗೊತ್ತೇ ಇರ್ಲಿಲ್ಲ ಕಣೋ."

ಬಂಡಿಯೊಳಗೆ ಕೂತಿದ್ದ ಚಾಲಕ ಮೆನಾಳತ್ತ ಬಗ್ಗಿ ಪಿಸುಗುಟ್ಟಿದ. "ಅಕ್ಕಾ, ನೀವೂ ಸಿಕ್ಕಿಬೀಳ್ಬೇಡಿ! ನಿನ್ನೆ ನನ್ನ ಕೈಲಿ ಎರಡು ಸಲ ಓದಿಸಿದ್ರು. ಮೊನ್ನೆ ಪೊಲೀಸಪ್ಪನ ಕೈಲಿ. ಪಾಪ, ಕಣ್ಣು ಪೂರ್ತಿ ಹೋಗಿದೆ ಅನ್ಸುತ್ತೆ!"

ಮೆನಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು. ಮರೆ ಬಿಟ್ಟು ಅವನ ಹಿಂದೆ ಹೋಗಿ ನಿಂತಳು.

"ಕನ್ನಡಕ ಎಲ್ಲೋ ಪುಲೋಯ್?"

ಅವನು ತಿರುಗಿದ. ಕಿವಿಯಷ್ಟೇ ಅಲ್ಲ, ಕುತ್ತಿಗೆಯವರೆಗೂ ಕೆಂಪು.

"ನೀನ್ಯಾವಾಗ ಬಂದೆ?"

"ನಿಂಗೆ ಗೊತ್ತಿತ್ತಾ? ಆವತ್ತಿನ ತಲೆನೋವು?"

"ಪೆಟ್ಟಿಗೇಲಿ ನೂಲು ಹುಡುಕ್ತಿದ್ದೆ. ಆ ಅಂಗಿ ಕೈಗೆ ಸಿಕ್ತು. ಆಮೇಲೆ ನಿನ್ನ ಗೆಳತೀನ ಕೇಳ್ದೆ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ?" ಅವನು ಬೋರ್ಡಿನತ್ತ ನೋಡಿದ. "ಆ ಅಫಿಡವಿಟ್‌ಗೆ ಸೈನ್ ಹಾಕಿದ್ರೆ ನಾವು ಇಷ್ಟು ವರ್ಷ ಸುಮ್ನೆ ಒಟ್ಟಿಗಿದ್ವಿ ಅಂತ ಕಾಗದ ಹೇಳ್ತಿತ್ತು. ಅದು ಊರಿಗೆಲ್ಲ ಗೊತ್ತು. ಅದನ್ನೇ ಹಿಡ್ಕೊಂಡು ತಾನೆ ಚರ್ಚ್ ಬಾಗಿಲಲ್ಲಿ ನಿನ್ನ ತಡೆದಿದ್ದು? ನಿನ್ನ ಪೂರ್ತಿ ಹೆಸರು ಗೋಡೆ ಮೇಲಿರ್ಬೇಕಿತ್ತು ಮೆನಾ. ತಕರಾರಿರೋರು ಹಗಲಲ್ಲಿ ಬಂದು ಹೇಳ್ಲಿ. ಇಲ್ದೋರು ಬಾಯಿ ತುಂಬ ಓದ್ಲಿ."

"ನಾನೇನು ಅಂದ್ಕೊಂಡೆ ಗೊತ್ತಾ? ನೀನು ತಪ್ಪಿಸ್ಕೊಳ್ಳೋಕೆ..."

"ನಾನಾ?" ಪುಲೋಯ್ ಕಂಗಾಲಾದ. "ಹೇಳಿದ್ರೆ ನೀನು 'ಅದೆಲ್ಲ ಬೇಡ ಬಿಡು' ಅಂತಿದ್ದೆ. ಮೀನಿನ ತಲೆ ಥರ. ಎಲ್ಲದಕ್ಕೂ ಇಷ್ಟೇ ಸಾಕು ಅಂತೀಯಲ್ಲ!"

"ಲೋ, ತಲೆ ನಂಗೆ ನಿಜವಾಗ್ಲೂ ಇಷ್ಟ ಕಣೋ!"

"ನಿಜವಾಗ್ಲೂ?"

"ಕೆನ್ನೆ ಹತ್ರದ ಮಾಂಸದ ರುಚಿ ನಿಂಗೇನು ಗೊತ್ತು?"

"ಅಯ್ಯೋ ದೇವರೇ... ಇಷ್ಟು ವರ್ಷ ಪಾಪ ಅಂದ್ಕೊಂಡಿದ್ನಲ್ಲೇ!"

ಇಬ್ಬರೂ ನಕ್ಕರು. ಒಳಗಿನಿಂದ ಜೊವಿಲಿನ್ ಕಿಟಕಿಯಲ್ಲಿ ಇಣುಕಿ, ಏನೂ ಕಾಣದವಳಂತೆ ಪರದೆ ಎಳೆದುಕೊಂಡಳು.

ಮೆನಾ ಬೋರ್ಡಿನತ್ತ ತಿರುಗಿದಳು. ಅಂಟಿಸಿದ ಮೇಲೆ ಅವಳು ಅದನ್ನು ನೋಡಿದ್ದು ಇದೇ ಮೊದಲು. ಅಕ್ಷರಗಳೆಲ್ಲ ನೀರಿನಲ್ಲಿ ತೇಲುತ್ತಿದ್ದವು.

"ಓದು" ಎಂದಳು.

"ನಿಂಗೆ ಕಾಣಲ್ವಾ?"

"ಕನ್ನಡಕ ಮನೇಲೇ ಮರೆತು ಬಂದೆ."

ಪುಲೋಯ್ ಗಂಟಲು ಸರಿಮಾಡಿಕೊಂಡ. "ಫಿಲೊಮೆನಾ ಲುಮಾಂತಾ ಕಬಾಹುಗ್."

"ಸ್ವಲ್ಪ ಜೋರಾಗಿ. ಈ ಕಿವೀನೂ ಮಂದ ಆಗ್ತಿದೆ..."

ಅವನು ಅವಳ ಕೈ ಹಿಡಿದು, ಬಂಡಿಗಳ ಸಾಲಿಗೆಲ್ಲ ಕೇಳುವಂತೆ ಇನ್ನೊಮ್ಮೆ ಓದಿದ.